ಶಸ್ತ್ರಕ್ರಿಯೆಗೆ ಮುಂಚಿನ ಕಿಮೊ: ಮನೆಯವರು ಅರಿತಿರಬೇಕಾದದ್ದು

ಅರ್ಬುದ ರೋಗಕ್ಕೆ ಮೊದಲು ಶಸ್ತ್ರಕ್ರಿಯೆ, ಅನಂತರ ಔಷಧ ಎಂಬುದು ನಮ್ಮ ಭಾಗದ ಜನರ ತಿಳಿವಳಿಕೆ. ಆದ್ದರಿಂದ ಬೆಳಗಾವಿಯಲ್ಲಾಗಲಿ ಮಿರಜದಲ್ಲಾಗಲಿ ವೈದ್ಯರು ಮೊದಲು ಕಿಮೊ, ಕೆಲವು ತಿಂಗಳ ಮೇಲೆ ಆಪರೇಶನ್ ಎಂದಾಗ ಮನೆಯವರು ಗಾಬರಿಗೊಳ್ಳುತ್ತಾರೆ. ರೋಗ ಕೈಮೀರಿತೆಂದೇ ಎಣಿಸುತ್ತಾರೆ. ಹಾಗಲ್ಲ. ಸ್ತನದ ಗಡ್ಡೆ ದೊಡ್ಡದಾಗಿದ್ದರೆ ಅಥವಾ ರೋಗವು ಕಂಕುಳಿನ ಗ್ರಂಥಿಗಳಿಗೆ ಹಬ್ಬಿದ್ದರೆ, ಔಷಧದಿಂದ ಅದನ್ನು ಕುಗ್ಗಿಸಿ ಆಮೇಲೆ ತೆಗೆಯುವುದು ಇಂದು ರೂಢಿಯಲ್ಲಿರುವ ಕ್ರಮ. ಬಾಯಿಯ ಅರ್ಬುದದಲ್ಲಿಯೂ ಕೆಲವರಿಗೆ ಹೀಗೆ ಮಾಡುವುದುಂಟು. ನಿಪ್ಪಾಣಿಯ ತಂಬಾಕಿನ ಸೀಮೆಯಲ್ಲಿರುವ ನಮಗೆ ಈ ರೋಗದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಿಂದ ಇಂತಹ ರೋಗಿಗಳು ನಮ್ಮಂಥ ಆಯುರ್ವೇದ ವೈದ್ಯರಲ್ಲಿಗೂ ಬರುತ್ತಾರೆ. “ಕಿಮೊದಿಂದ ಮೈಯಲ್ಲಿ ಉಷ್ಣ ಏರಿದೆ, ಅದನ್ನು ಇಳಿಸಿಕೊಡಿ” ಎಂಬುದು ಅವರ ಬೇಡಿಕೆ. ಕೆಲವರು ವಿರೇಚನ ಕೇಳುತ್ತಾರೆ, ಕೆಲವರು ಬಸ್ತಿ ಕೇಳುತ್ತಾರೆ. ಕಿಮೊ ನಡೆದಿರುವಾಗ ಇವೆರಡೂ ಕೂಡದು ಎಂಬುದೇ ನಮ್ಮ ಉತ್ತರ. ರಕ್ತದ ಬಿಳಿಕಣಗಳು ಕುಸಿದಿರುವಾಗ ಬಸ್ತಿಯಿಂದ ಗುದದಲ್ಲಿ ಸಣ್ಣ ಗೀರು ಬಿದ್ದರೂ ಸೋಂಕು ರಕ್ತಕ್ಕೆ ಇಳಿಯಬಹುದು. ಮೊದಲೇ ಬಳಲಿದ ದೇಹಕ್ಕೆ ವಿರೇಚನ ಮಾಡಿಸಿದರೆ ನೀರು ಲವಣಗಳು ಬರಿದಾಗುತ್ತವೆ. ಬಲಹೀನನಿಗೆ ಶೋಧನ ಸಲ್ಲದೆಂಬುದು ನಮ್ಮ ಶಾಸ್ತ್ರದ್ದೇ ನಿಯಮ.

ಕಷಾಯ, ಭಸ್ಮ, ಗುಳಿಗೆಗಳ ವಿಷಯದಲ್ಲಿಯೂ ನಮ್ಮ ನಿಲುವು ಇದೇ. ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ ಎಂಬ ಮಾತು ಸರಿಯಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದರ ಮೇಲೆ ವಾದವಿವಾದಗಳೂ ನಡೆದವು. ಆದರೆ ಕಿಮೊದ ಹಲವು ಔಷಧಗಳನ್ನು ಅರಗಿಸುವುದು ಅದೇ ಯಕೃತ್ತು. ಸಿಸ್‌ಪ್ಲಾಟಿನ್ ಎಂಬ ಔಷಧಕ್ಕೆ ಮೂತ್ರಪಿಂಡವನ್ನು ಕೆಡಿಸುವ ಗುಣವಿರುವುದರಿಂದ, ಅದರೊಡನೆ ಲೋಹದ ಭಸ್ಮ ಸೇರಿಸುವುದು ಸಾಹಸವೇ ಸರಿ. ಒಗ್ಗರಣೆಯ ಅರಿಶಿನ, ಸಾರಿನ ಶುಂಠಿಗೆ ಅಡ್ಡಿಯಿಲ್ಲ. ಇವೇ ಗುಳಿಗೆಯ ರೂಪದಲ್ಲಿ ಬಂದರೆ ಔಷಧವಾಗುತ್ತವೆ; ಅವನ್ನು ಕಿಮೊ ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಹೆಚ್ಚಿನವರಿಗೆ 21 ದಿನಗಳಿಗೊಮ್ಮೆ ಸಲಾಯಿನ್ ಮೂಲಕ ಔಷಧ ಕೊಡುತ್ತಾರೆ. ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿಕಣಗಳು ಅತಿ ಕಡಿಮೆಯಾಗಿರುತ್ತವೆ. ಈ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ, ಮಧ್ಯರಾತ್ರಿಯಾದರೂ, ಕಿಮೊ ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಜ್ವರದ ಗುಳಿಗೆ ನುಂಗಿಸಿ ಬೆಳಗಿನವರೆಗೆ ಕಾಯುವುದು ಪ್ರಾಣಕ್ಕೆ ಎರವಾಗಬಹುದು; ಗುಳಿಗೆ ಜ್ವರವನ್ನಷ್ಟೇ ಮರೆಮಾಡುತ್ತದೆ, ಸೋಂಕು ಒಳಗೆ ಬೆಳೆಯುತ್ತಿರುತ್ತದೆ. ನದಿಯಾಚೆಯ ಹಳ್ಳಿಗಳವರು ಯಾರ ವಾಹನ, ಯಾವ ದಾರಿ ಎಂಬುದನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಈ ದಿನಗಳಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆ ಬರಲಿ, ಬಂಧುಗಳ ಮದುವೆಯೇ ಬರಲಿ, ಜನಸಂದಣಿಗೆ ಹೋಗಬೇಡಿ. ನಮ್ಮ ಪೂಜೆ ಅಂಗೈಯಲ್ಲಿಯೇ ಇದೆ. ಅದಕ್ಕೆ ಮನೆ ಬಿಟ್ಟು ಹೊರಡಬೇಕಾಗಿಲ್ಲ. ಎಡಗೈಗೆ ನಳಿಕೆ ಹಾಕಿದ್ದರೆ ಅದು ತೋಯದಂತೆ ನೋಡಿಕೊಂಡರಾಯಿತು. ದಾಸೋಹದ ಪ್ರಸಾದವನ್ನು ಬಿಸಿಯಿರುವಾಗಲೇ ಮನೆಗೆ ತರಿಸಿಕೊಳ್ಳಬಹುದು.

ಶ್ರಾವಣದ ಸೋಮವಾರಗಳ ಒಪ್ಪತ್ತನ್ನು ಈ ಒಂದು ವರ್ಷ ಬಿಡಲೇಬೇಕು. ತೂಕ ಇಳಿದ ರೋಗಿಯ ಗಾಯ ಬೇಗ ಮಾಯುವುದಿಲ್ಲ. ಆಸ್ಪತ್ರೆಯಲ್ಲಿ ಮೊಟ್ಟೆ ತಿನ್ನಲು ಹೇಳಿದರೆಂದು ನಮ್ಮ ತಾಯಂದಿರು ಸಂಕಟಪಡುತ್ತಾರೆ. ಸಂಕಟ ಬೇಡ. ಹೆಸರುಬೇಳೆಯ ಕಟ್ಟು, ಚೆನ್ನಾಗಿ ಕಾಯಿಸಿದ ಹಾಲು, ಪನೀರು, ನುಣ್ಣಗೆ ಅರೆದ ಶೇಂಗಾ ಇವುಗಳಿಂದ ದೇಹಕ್ಕೆ ಬೇಕಾದ ಸತ್ವ ದೊರೆಯುತ್ತದೆ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಬೇಕು, ಅಷ್ಟೆ. ಬಾಯಿ ಹುಣ್ಣಾದಾಗ ಜೋಳದ ರೊಟ್ಟಿ, ಕೆಂಪು ಚಟ್ನಿ ಬದಿಗಿರಲಿ. ಜೋಳದ ನುಚ್ಚು, ಅಕ್ಕಿಯ ಗಂಜಿಗೆ ತುಪ್ಪ ಹಾಕಿ ಆರಿಸಿ ಕೊಡಿ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಕಲಸಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿದರೆ ಹುಣ್ಣಿನ ಉರಿಗೆ ಹಿತ. ಕುಡಿಯುವ ನೀರನ್ನೂ ಕಾಯಿಸಿಯೇ ಕುಡಿಯಬೇಕು. ರಸ್ತೆಬದಿಯ ಕಬ್ಬಿನ ಹಾಲು, ಹೆಚ್ಚಿಟ್ಟ ಹಣ್ಣು ಬೇಡ. ವಾಂತಿ ತಡೆಯುವ ಮಾತ್ರೆಯನ್ನು ವಾಂತಿಯಾದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೆ ಕೊಡಿ. ಆ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು. ಅದನ್ನು ವೈದ್ಯರಿಗೆ ಹೇಳಲು ನಾಚಬೇಡಿ. ಕೂದಲು ಉದುರುವುದಂತೂ ತಾತ್ಕಾಲಿಕ, ಕಿಮೊ ಮುಗಿದ ಮೇಲೆ ಮರಳಿ ಬರುತ್ತದೆ.

ಇನ್ನು ನಮ್ಮನ್ನು ಬಹಳ ಕಾಡುವ ಸಂಗತಿಯೊಂದಿದೆ. ಎರಡು ಮೂರು ಸುತ್ತು ಮುಗಿಯುವಷ್ಟರಲ್ಲಿ ಗಡ್ಡೆ ಕೈಗೆ ಸಿಗದಂತಾಗುತ್ತದೆ. “ಕರಗಿ ಹೋಯಿತು, ಇನ್ನೇಕೆ ಕೊಯ್ಯಿಸುವುದು” ಎಂದು ಮನೆಯಲ್ಲಿ ಮಾತು ಹುಟ್ಟುತ್ತದೆ. ಅಷ್ಟರಲ್ಲಿ ಕಬ್ಬಿನ ಸುಗ್ಗಿಯೂ ಬಂದಿರುತ್ತದೆ. ಕೈಗೆ ಸಿಗದ ಗಡ್ಡೆಯ ಕಣಗಳು ಒಳಗೆ ಉಳಿದಿರಬಹುದು. ಶಸ್ತ್ರಕ್ರಿಯೆ ತಪ್ಪಿಸಿದರೆ ಅವು ಮತ್ತೆ ಬೆಳೆಯುತ್ತವೆ, ಆಗ ಹಿಂದಿನ ಔಷಧ ನಾಟದಿರಬಹುದು. ಕಷ್ಟ ತಾಳಲಾರದೆ ಕಿಮೊವನ್ನು ನಡುವೆಯೇ ಬಿಡುವುದೂ ಇಷ್ಟೇ ಅಪಾಯಕರ. ತಾಳಲಾರದಾದರೆ ವೈದ್ಯರಿಗೆ ಹೇಳಿ. ಪ್ರಮಾಣ ತಗ್ಗಿಸುವ, ಒಂದು ವಾರ ಮುಂದೂಡುವ ದಾರಿಗಳು ಅವರಲ್ಲಿವೆ. ಹಣದ ಅಡಚಣೆಯಿದ್ದರೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು ನೀಡುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನು ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಕೊನೆಯ ಸುತ್ತಿನ ಬಳಿಕ ಸಾಮಾನ್ಯವಾಗಿ 3ರಿಂದ 6 ವಾರಗಳಲ್ಲಿ ಶಸ್ತ್ರಕ್ರಿಯೆಯಾಗುತ್ತದೆ. ತಂಬಾಕು, ಗುಟ್ಕಾ, ಮಿಶ್ರಿ, ಬೀಡಿ ಇನ್ನೂ ಬಿಟ್ಟಿರದಿದ್ದರೆ ಅವನ್ನು ಈ ಅವಧಿಗೆ ಮೊದಲೇ ಬಿಡಬೇಕು. ತಂಬಾಕು ಸೇವಿಸುವವರ ಗಾಯಕ್ಕೆ ರಕ್ತ ಸರಿಯಾಗಿ ಹರಿಯದೆ ಹೊಲಿಗೆ ಬಿಚ್ಚಿಕೊಳ್ಳುವ ಸಂಭವ ಹೆಚ್ಚು. ದಿನವೂ ಅಂಗಳದಲ್ಲಿ ಅಡ್ಡಾಡಿ, ನಿಧಾನವಾಗಿ ದೀರ್ಘ ಉಸಿರಾಡಿ. ಆಸ್ಪತ್ರೆಗೆ ಹೊರಡುವ ದಿನ ಮನೆಯಲ್ಲಿರುವ ಎಲ್ಲ ಔಷಧಗಳನ್ನು, ನಾವು ಕೊಟ್ಟ ಚೂರ್ಣದ ಡಬ್ಬಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅರಿವಳಿಕೆ ಕೊಡುವ ವೈದ್ಯರ ಮುಂದೆ ಇಡಿ.