ಮಾಲ್‌ಗಳ ಮುಂದೊಂದು ತುಘಲಕ್ ಊರು

ದಕ್ಷಿಣ ದೆಹಲಿಯ ಸಾಕೇತ್‌ನಲ್ಲಿ ಸಾಲುಗಟ್ಟಿ ನಿಂತ ಮಾಲ್‌ಗಳಿಗೆ ಎದುರಾಗಿ, ಪ್ರೆಸ್ ಎನ್‌ಕ್ಲೇವ್ ರಸ್ತೆಯ ಆಚೆ ಬದಿಗೆ ಖಿರ್ಕಿ ಎಂಬ ಊರಿದೆ. ಹೊಲಗದ್ದೆಗಳೆಲ್ಲ ನಗರದ ಪಾಲಾದರೂ ಹಳೆಯ ವಸತಿ ಮಾತ್ರ ಕದಲಿಲ್ಲ. ಇಕ್ಕಟ್ಟಿನ ಓಣಿಗಳಲ್ಲಿ ಒತ್ತೊತ್ತಾಗಿ ಎದ್ದ ಮನೆಗಳನ್ನು ದಾಟುತ್ತಿದ್ದಂತೆ ಕಪ್ಪಿಟ್ಟ ಕೋಟೆಗೋಡೆಯೊಂದು ಎದುರಾಗುತ್ತದೆ. ಅದು ಕೋಟೆಯಲ್ಲ, ಖಿರ್ಕಿ ಮಸೀದಿ. ಊರಿಗೆ ಹೆಸರು ಬಂದದ್ದು ಇದರ ಕಿಟಕಿಗಳಿಂದ.

ತುಘಲಕ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಗಿರೀಶ ಕಾರ್ನಾಡರ 1964ರ ನಾಟಕ: ದೌಲತಾಬಾದಿಗೆ ಹೊರಟ ರಾಜಧಾನಿ, ತಾಮ್ರದ ನಾಣ್ಯ, ಕೈಗೂಡದ ಕನಸುಗಳು. ಆ ಮನೆತನದ ಕಾಲದಲ್ಲಿ ಕೈಗೂಡಿದ ಕೆಲಸಗಳನ್ನೂ ನೋಡಬೇಕೆನ್ನುವವರು ಖಿರ್ಕಿಗೆ ಬರಬೇಕು.

ಮಸೀದಿ 14ನೇ ಶತಮಾನದ ಉತ್ತರಾರ್ಧದ್ದು. ಕಟ್ಟಿಸಿದವನು ಫಿರೋಜ್ ಶಾ ತುಘಲಕ್‌ನ ವಜೀರ ಖಾನ್-ಇ-ಜಹಾನ್ ಜುನಾನ್ ಶಾ. ಅವನ ತಂದೆ ಮಕ್ಬೂಲ್, ಓರಂಗಲ್ಲಿನ ಕಾಕತೀಯರ ಸೇವೆಯಲ್ಲಿದ್ದು ದೆಹಲಿ ಸೇರಿ ವಜೀರನ ಪಟ್ಟಕ್ಕೇರಿದ ತೆಲುಗು ನಾಡಿನವನು. ಕಾಡುಗಲ್ಲಿಗೆ ಗಾರೆ ಮೆತ್ತಿದ ದಪ್ಪ ಗೋಡೆಗಳು, ಮೂಲೆಗಳಲ್ಲಿ ಮೇಲಕ್ಕೆ ಹೋದಂತೆ ಕಿರಿದಾಗುವ ಬುರುಜುಗಳು, ಎತ್ತರದ ಜಗತಿ, ಕೆಂಪು ಕಲ್ಲಿನ ಜಾಲಂಧ್ರಗಳು. ಆಡಂಬರವಿಲ್ಲದ ಗಟ್ಟಿ ಕೆಲಸ.

ಇದರ ವಿಶೇಷವಿರುವುದು ಒಳಗಿನ ವಿನ್ಯಾಸದಲ್ಲಿ. ಬಹುತೇಕ ಮಸೀದಿಗಳಲ್ಲಿ ನಡುವೆ ವಿಶಾಲವಾದ ಒಂದೇ ತೆರೆದ ಅಂಗಳ. ಇಲ್ಲಿ ಚೌಕಾಕಾರದ ಕಟ್ಟಡವನ್ನು 25 ಅಂಕಣಗಳಾಗಿ ಹಂಚಿದ್ದಾರೆ. ನಾಲ್ಕನ್ನು ಆಕಾಶಕ್ಕೆ ತೆರೆದು, ಒಂಬತ್ತರ ಮೇಲೆ ಒಂಬತ್ತೊಂಬತ್ತು ಪುಟ್ಟ ಗುಮ್ಮಟಗಳನ್ನಿಟ್ಟು, ಉಳಿದ ಹನ್ನೆರಡಕ್ಕೆ ಸಮತಟ್ಟಾದ ಚಾವಣಿ ಹಾಕಿದ್ದಾರೆ. ನಮ್ಮ ತೊಟ್ಟಿಮನೆಯಲ್ಲಿ ತೊಟ್ಟಿಯಿಂದ ಬೆಳಕು ಇಳಿಯುವಂತೆ ಇಲ್ಲಿ ನಾಲ್ಕು ಕಡೆಯಿಂದ ಬೆಳಕು ಇಳಿದು ಕಂಬಗಳ ಸಾಲುಗಳಿಗೆ ಹರಡುತ್ತದೆ. ದೆಹಲಿಯ ಬಿಸಿಲನ್ನು ತಡೆದೂ ಬೆಳಕನ್ನು ಬಿಟ್ಟುಕೊಂಡ ಜಾಣ್ಮೆಯಿದು. ಈಶಾನ್ಯ ಮೂಲೆಯ ಚಾವಣಿ ಕುಸಿದಿದೆ. 2018ರಲ್ಲಿ ದುರಸ್ತಿಯ ವೇಳೆ ಪುರಾತತ್ವ ಇಲಾಖೆಗೆ ಇಲ್ಲಿ 254 ತಾಮ್ರದ ನಾಣ್ಯಗಳು ಸಿಕ್ಕವು.

ಇದೇ ರಸ್ತೆಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಸತ್‌ಪುಲಾ. ಮುಹಮ್ಮದ್ ಬಿನ್ ತುಘಲಕ್ ತನ್ನ ಜಹಾನ್‌ಪನಾಹ್ ನಗರದ ದಕ್ಷಿಣ ಗೋಡೆಯಲ್ಲೇ ಸುಮಾರು 1340ರ ಹೊತ್ತಿಗೆ ಕಟ್ಟಿಸಿದ ಅಣೆ ಇದು. ಆಗ ದೆಹಲಿ ಸೀಮೆ ವರ್ಷಗಟ್ಟಲೆ ಬರಕ್ಕೆ ಸಿಕ್ಕಿತ್ತು. ಏಳು ಕಮಾನುಗಳ ತೂಬುಗಳಿಗೆ ಬಾಗಿಲು ಇಳಿಸಿದರೆ ಮಳೆನೀರು ನಿಲ್ಲುತ್ತಿತ್ತು, ಎತ್ತಿದರೆ ಹೊಲಗಳಿಗೆ ಹರಿಯುತ್ತಿತ್ತು. ಶತ್ರುವನ್ನು ತಡೆಯುವ ಗೋಡೆಯೇ ನೀರನ್ನೂ ಕಾಯುತ್ತಿತ್ತು. ಸೂಫಿ ಸಂತ ನಸೀರುದ್ದೀನ್ ಚಿರಾಗ್ ದೆಹಲವಿ ಇಲ್ಲಿ ವುಜೂ (ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ಶುದ್ಧಿ) ಮಾಡಿದ್ದರಿಂದ ಈ ನೀರಿಗೆ ರೋಗ ಗುಣಪಡಿಸುವ ಶಕ್ತಿ ಬಂತೆಂಬ ನಂಬಿಕೆಯೂ ಬೆಳೆಯಿತು.

ಎರಡೂ ಸಂರಕ್ಷಿತ ಸ್ಮಾರಕಗಳು. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇವುಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಆದರೆ ಕಾನೂನೊಂದೇ ಸ್ಮಾರಕವನ್ನು ಕಾಯಲಾರದು. ಪಕ್ಕದ ಮನೆಯವರಿಗೆ ಅದು ಅಡ್ಡಿಯಾಗಿ ಕಾಣದೆ ತಮ್ಮದೆನಿಸಬೇಕು. ಪಕ್ಕದ ಖಿರ್ಕಿ ಎಕ್ಸ್‌ಟೆನ್ಷನ್‌ನಲ್ಲಿರುವ ಕಲಾಸಂಸ್ಥೆ ಖೋಜ್ ಇಲ್ಲಿನ ನಿವಾಸಿಗಳನ್ನು ಸೇರಿಸಿಕೊಂಡು ಕಲಾಯೋಜನೆಗಳನ್ನು ನಡೆಸಿದೆ. ಸ್ಮಾರಕಗಳ ವಿಷಯದಲ್ಲೂ ಅಂಥ ಒಡನಾಟ ಬೇಕು.

ದೆಹಲಿಗೆ ಹೋದವರು ಕುತುಬ್ ಮಿನಾರ್ ನೋಡಿ ಮರಳುವ ಮುನ್ನ ಅದೇ ಹಳದಿ ಮಾರ್ಗದ ಮಾಳವೀಯ ನಗರ ಮೆಟ್ರೊ ನಿಲ್ದಾಣದಲ್ಲಿ ಇಳಿಯಿರಿ. ಮಸೀದಿ ಮತ್ತು ಅಣೆ ಎರಡನ್ನೂ ಒಟ್ಟಿಗೆ ನೋಡಿ. ಒಂದು ಕಾಲದ ಜನ ಬೆಳಕು ಮತ್ತು ನೀರಿನ ಬಗ್ಗೆ ಎಷ್ಟು ಆಳವಾಗಿ ಯೋಚಿಸಿದ್ದರೆಂಬುದು ಆಗ ತಿಳಿಯುತ್ತದೆ.