ರಚ್ಚೆ ಹಿಡಿದ ಕಂದನಿಗೆ ಅಮ್ಮನ ಸಮಾಧಾನವೇ ಮದ್ದು

ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರಿನ ಗದ್ದಲ. ನಿಮ್ಮ ಮೂರು ವರ್ಷದ ಪುಟ್ಟನಿಗೆ ಇನ್ನೊಂದು ಬಲೂನು ಬೇಕು. "ಒಂದು ಕೊಡ್ಸಿದ್ದೀನಲ್ಲೋ, ಸಾಕು" ಎಂದಿರಿ. ಅಷ್ಟೇ! ನೆಲಕ್ಕೆ ಬಿದ್ದು, ಕಾಲು ಬಡಿದು, ಗಂಟಲು ಹರಿಯುವಂತೆ ಕಿರುಚಾಟ. "ಎಂಥ ಹಠಮಾರಿ ಮಾರಾಯ್ತಿ! ಎರಡು ಬಿಟ್ರೆ ಸರಿಹೋಗುತ್ತೆ" ಎಂದು ಯಾರೋ ಅನ್ನುತ್ತಾರೆ. ನಾಚಿಕೆಯಿಂದ ನಿಮಗೇ ಅಳು ಬರುತ್ತದೆ, ಅಲ್ಲವೇ?

ಸೋದರಿ, ಇದು ನೀವು ಬೆಳೆಸಿದ ರೀತಿಯ ದೋಷವೆಂದು ಕೊರಗಬೇಡಿ. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ರಚ್ಚೆ ತೀರಾ ಸಾಮಾನ್ಯ.

ಏಕೆ ಹೀಗೆ?

ಎರಡು ವರ್ಷದ ಮಗುವಿಗೆ ಬರುವ ಪದಗಳು ಇನ್ನೂ ಕಡಿಮೆ. ಸಿಟ್ಟು, ಹೆದರಿಕೆ, ನಿರಾಸೆಗಳು ಮಾತ್ರ ನಮ್ಮಷ್ಟೇ ದೊಡ್ಡವು. ಹೇಳಲು ಮಾತು ಸಿಗದಾಗ ಕಿರುಚಾಟವೇ ಮಾತಾಗುತ್ತದೆ. ಸಿಟ್ಟನ್ನು ಹತೋಟಿಯಲ್ಲಿಡುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ!

ಅಮೆರಿಕದ ಮನೋವಿಜ್ಞಾನಿ ಫ್ಲಾರೆನ್ಸ್ ಗುಡ್‌ಇನಫ್, ಮಕ್ಕಳ ಸಿಟ್ಟನ್ನು ತಾಯಂದಿರಿಂದಲೇ ದಿನದಿನವೂ ಬರೆಸಿ 1931ರಲ್ಲಿ ಪುಸ್ತಕ ತಂದರು. ಊಟಕ್ಕೆ ಮುಂಚಿನ ಹಸಿದ ಹೊತ್ತಿನಲ್ಲೇ ರಂಪ ಹೆಚ್ಚೆಂದು ಅದರಲ್ಲಿ ಕಂಡುಬಂತು. ಸೊರಬದ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಮನೆಮಂದಿಯೆಲ್ಲ ಕೆಲಸದಲ್ಲಿರುತ್ತಾರೆ. ಮಗುವಿನ ಊಟ, ನಿದ್ದೆಯ ಹೊತ್ತು ತಪ್ಪಿದರೆ ಸಂಜೆ ರಂಪವಾಗದೆ ಇನ್ನೇನಾದೀತು? ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ರಚ್ಚೆಯ ಹೊತ್ತು, ಕಾರಣ ಗುರುತು ಹಾಕಿ. ಎರಡು ವಾರದಲ್ಲಿ ಗುಟ್ಟು ನಿಮಗೇ ತಿಳಿಯುತ್ತದೆ.

ಕಿರುಚುವಾಗ ಏನು ಮಾಡಬೇಕು?

* ಮೊದಲು ನೀವು ಒಂದು ದೀರ್ಘ ಉಸಿರು ತೆಗೆದುಕೊಳ್ಳಿ. ನೀವೂ ಕೂಗಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

* ಗದ್ದಲದಿಂದ ಪಕ್ಕಕ್ಕೆ ಕರೆದೊಯ್ದು, ಅವನ ಎತ್ತರಕ್ಕೆ ಕುಳಿತು, ಮೆಲುದನಿಯಲ್ಲಿ "ಪುಟ್ಟಂಗೆ ಸಿಟ್ಟು ಬಂದಿದೆ. ಅಮ್ಮ ಇಲ್ಲೇ ಇದ್ದೀನಿ" ಎನ್ನಿ. ಬುದ್ಧಿಮಾತು ಆಗ ಕಿವಿಗೆ ಇಳಿಯದು.

* ಹೊಡೆಯಲು ಬಂದರೆ ಕೈ ಹಿಡಿದು "ಹೊಡೆಯೋ ಹಾಗಿಲ್ಲ" ಎಂದಷ್ಟೇ ಹೇಳಿ. ನೀವು ಹೊಡೆದರೆ, ಬಲವಿದ್ದವರು ಹೊಡೆಯಬಹುದೆಂಬ ಪಾಠ ಕಲಿಸಿದಂತೆ. "ಗುಮ್ಮ ಬಂತು", "ಪೊಲೀಸಿಗೆ ಕೊಡ್ತೀನಿ" ಎಂಬ ಬೆದರಿಕೆಯೂ ಬೇಡ.

* ಬೇಡವೆಂದದ್ದನ್ನು ಕಿರುಚಿದ ಮೇಲೆ ಕೊಡಿಸಬೇಡಿ. ಮೊಬೈಲು ಕೊಟ್ಟರೆ ತಕ್ಷಣ ಬಾಯಿ ಮುಚ್ಚುತ್ತದೆ, ನಿಜ. ಆದರೆ ಕಿರುಚಿದರೆ ಸಿಗುತ್ತದೆ ಎಂಬುದನ್ನೂ ಮಗು ಕಲಿಯುತ್ತದೆ.

ಮನೆಯ ಹಿರಿಯರದ್ದೂ ಒಂದೇ ಮಾತಾಗಿರಲಿ. "ಅತ್ತೆ, ನಾನು ಬೇಡ ಅಂದಾಗ ನೀವೂ ಒಂದೈದು ನಿಮಿಷ ಸುಮ್ನಿದ್ದುಬಿಡಿ. ಆಮೇಲೆ ನಿಮ್ಮ ತೊಡೆ ಮೇಲೇ ಮಲಗ್ಲಿ" ಎಂದು ಬಿಡುವಿನಲ್ಲಿ ನಯವಾಗಿ ಹೇಳಿಡಿ.

ತಣ್ಣಗಾದ ಮೇಲೆ

ಅಪ್ಪಿಕೊಳ್ಳಿ. ಬೈಗುಳದ ಪುರಾಣ ಬೇಡ. "ಬಲೂನು ಸಿಗ್ಲಿಲ್ಲ ಅಂತ ಬೇಜಾರಾಯ್ತಾ? ಮುಂದಿನ ಸಲ 'ಅಮ್ಮಾ, ಬೇಜಾರು' ಅಂತ ಹೇಳು" ಎಂದು ಮಾತು ಕೊಡಿ. ಬಿಸಿ ಗಂಜಿ ಆರಿಸುವ ಹಾಗೆ 'ಉಫ್' ಎಂದು ಊದುವ ಆಟವನ್ನು ನಗುನಗುತ್ತಿರುವಾಗಲೇ ಕಲಿಸಿ. ಸಿಟ್ಟು ಬಂದಾಗ ಅದೇ ನೆರವಿಗೆ ಬರುತ್ತದೆ. "ಕೆಂಪು ಅಂಗಿನೋ, ನೀಲಿದೋ?" ಎಂದು ಆಯ್ಕೆ ಕೊಡಿ. ಆಟ ನಿಲ್ಲಿಸುವ ಮುಂಚೆ "ಇನ್ನೆರಡು ಸಲ ಜೋಕಾಲಿ, ಆಮೇಲೆ ಮನೆಗೆ" ಎಂದು ಎಚ್ಚರಿಸಿ. ಕಿರುಚದೆ ಕೇಳಿದ ದಿನ ಮನಸಾರೆ ಹೊಗಳಿ.

ವೈದ್ಯರಿಗೆ ಯಾವಾಗ ತೋರಿಸಬೇಕು?

ದೃಷ್ಟಿ ತೆಗೆದಿರಿ, ಸರಿ. ಕಿವಿನೋವು, ಜ್ವರ ಇದೆಯೇ ಎಂದೂ ನೋಡಿ. ಅಳುತ್ತಾ ಉಸಿರು ಕಟ್ಟಿ ನೀಲಿಯಾಗುವ ಮಗುವನ್ನು ತಪ್ಪದೆ ತೋರಿಸಿ. ಕೆಲವರಲ್ಲಿ ಕಬ್ಬಿಣದ ಅಂಶದ ಕೊರತೆ ಇರುತ್ತದೆ, ಅದಕ್ಕೆ ಔಷಧವುಂಟು. ಎರಡು ತುಂಬಿದರೂ ಎರಡು ಪದ ಜೋಡಿಸಿ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ, ತನ್ನನ್ನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಐದು ದಾಟಿದರೂ ರಚ್ಚೆ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಅಂಗನವಾಡಿಗೆ ಬರುವ ಆರೋಗ್ಯ ತಪಾಸಣಾ ತಂಡಕ್ಕೂ ಹೇಳಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಿಮಗೇ ಸಾಕುಸಾಕಾದಾಗಲೂ ಅಷ್ಟೇ, ಸಂಕೋಚ ಬೇಡ.

ರಚ್ಚೆ ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಈ ತಿಂಗಳ ಹತ್ತು ನಿಮಿಷ ಮುಂದಿನ ತಿಂಗಳು ಐದಾದರೆ ಅದೂ ಗೆಲುವೇ. ಕ್ಯಾಲೆಂಡರಿನಲ್ಲಿ ಅದನ್ನೂ ಗುರುತು ಹಾಕಿಕೊಳ್ಳಿ!