ತಿಕೋಟಾದ ಮಣೂಕ, ವೆರೋನಾದ ವೈನು

ಶಿರಾ ಮಾಡುವಾಗ ತುಪ್ಪದಲ್ಲಿ ಬಿದ್ದ ಒಣದ್ರಾಕ್ಷಿ ಗುಂಡಗೆ ಉಬ್ಬಿದ ಕೂಡಲೇ ಒಂದನ್ನು ಬಾಯಿಗೆ ಹಾಕಿಕೊಳ್ಳದ ಗೃಹಿಣಿ ಯಾರಿದ್ದಾರೆ ಹೇಳಿ? (ನೈವೇದ್ಯಕ್ಕಾದರೆ ಬೇರೆ ಮಾತು!) ಆದರೆ ಆ ದ್ರಾಕ್ಷಿ ಯಾವ ಊರಿನದು ಎಂದರೆ ಮಾತ್ರ ನಾವು ತಡವರಿಸುತ್ತೇವೆ.

ವಿಜಯಪುರದ ಸುತ್ತಿನ ಜೈನಾಪುರ, ಬಬಲೇಶ್ವರ, ತಿಕೋಟಾ ಸೀಮೆಗೆ ಬೇಸಿಗೆಯ ಆರಂಭದಲ್ಲಿ ಬನ್ನಿ. ಬೀಜವಿಲ್ಲದ ‘ಥಾಮ್ಸನ್’ ಜಾತಿಯ ಗೊಂಚಲುಗಳನ್ನು ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರಡಿರುತ್ತಾರೆ. ಸುಮಾರು ಎರಡು ವಾರದಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಆರಿಸುವ, ಕಡ್ಡಿ ತೆಗೆಯುವ ಕೆಲಸದಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳೇ.

ಇದೇ ಕೆಲಸವನ್ನು ಇಟಲಿಯವರೂ ಮಾಡುತ್ತಾರೆಂದರೆ ಆಶ್ಚರ್ಯವೇ? ವೆರೋನಾ ನಗರದ ಹತ್ತಿರ ವಾಲ್ಪೊಲಿಚೆಲ್ಲಾ ಎಂಬ ಗುಡ್ಡಗಾಡಿನಲ್ಲಿ ಕೊರ್ವಿನಾ ಮುಂತಾದ ಕಪ್ಪು ದ್ರಾಕ್ಷಿಯನ್ನು ಗಾಳಿಯಾಡುವ ಅಟ್ಟದಲ್ಲಿ ಮೂರು ನಾಲ್ಕು ತಿಂಗಳು ಒಣಗಲು ಬಿಡುತ್ತಾರೆ. ಪೂರ್ತಿ ಒಣಗಿಸುವುದಿಲ್ಲ, ತೂಕ ಮೂರನೆಯ ಒಂದು ಪಾಲಿನಷ್ಟೋ ಅದಕ್ಕೂ ಹೆಚ್ಚೋ ಇಳಿದ ಮೇಲೆ ಹಿಂಡಿ ವೈನು ಮಾಡುತ್ತಾರೆ. ಸಿಹಿ ಉಳಿದರೆ ‘ರೆಚೊತೊ’, ಸಕ್ಕರೆಯೆಲ್ಲ ಹುಳಿತು ಕರಗಿದರೆ ‘ಅಮರೋನೆ’. ‘ಅಮಾರೊ’ ಎಂದರೆ ಇಟಾಲಿಯನ್‌ನಲ್ಲಿ ಕಹಿ. ಒಣಗಿದ ಚೆರಿ, ಕಹಿ ಚಾಕೊಲೇಟಿನ ನೆನಪು ತರುವ ರುಚಿ ಅದರದಂತೆ. ಮದ್ಯಸಾರ ಶೇಕಡ 14ಕ್ಕೆ ಕಡಿಮೆಯಿಲ್ಲ. ಅಲ್ಲಿಯವರು ಅದನ್ನು ಹೊತ್ತು ಬೇಯಿಸಿದ ಮಾಂಸ, ಹಳೆಯ ಗಟ್ಟಿ ಚೀಸ್ ಜೊತೆ ಸೇವಿಸುತ್ತಾರೆ. ಅನ್ನವನ್ನೂ ಅದರಲ್ಲೇ ಬೇಯಿಸುತ್ತಾರೆ! ರೆಚೊತೊ ಸಿಹಿತಿಂಡಿಗೆ ಜೋಡಿ.

‘ಅಯ್ಯೋ, ಹೆಂಡದ ಮಾತು ನಮಗೇಕ್ರೀ?’ ಎಂದಿರಾ? ಕುಡಿಯಲೆಂದು ಹೇಳಲಿಲ್ಲ ತಾಯಿ. ಹೆಸರಿನ ಮಾತು ಹೇಳಹೊರಟೆ. ಅಮರೋನೆ ಬಾಟಲಿಯ ಮೇಲೆ ಆ ಸೀಮೆಯ ಹೆಸರೇ ಇರುತ್ತದೆ. ಬೇರೆ ಕಡೆಯವರು ಆ ಹೆಸರು ಬಳಸುವಂತಿಲ್ಲ. 2010ರಿಂದ ಅದಕ್ಕೆ ಇಟಲಿಯ ಅತ್ಯುನ್ನತ ದರ್ಜೆಯ ರಕ್ಷಣೆಯೂ ಇದೆ. ನಮ್ಮ ಮಣೂಕವೋ, ಬಹಳಷ್ಟು ತಾಸಗಾಂವ, ಸಾಂಗಲಿ ಪೇಟೆಗೆ ಹೋಗುತ್ತದೆ. ನಮ್ಮ ಡಬ್ಬಿಗೆ ಬರುವಾಗ ಅದಕ್ಕೆ ಊರೂ ಇಲ್ಲ, ಕೇರಿಯೂ ಇಲ್ಲ!

ಎರಡೂ ಕಡೆ ಶತ್ರು ಒಂದೇ: ತೇವ. ಒಣಗುವ ದಿನಗಳಲ್ಲಿ ಅಕಾಲ ಮಳೆ ಬಂದರೆ ಇಲ್ಲಿ ಮಣೂಕ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆಗೆ ಅರ್ಧ ಬೆಲೆಯೂ ಸಿಗದೆ ಹೋದೀತು. ಬಣ್ಣ ತಿಳಿಯಾಗಲೆಂದು ಗಂಧಕದ ಹೊಗೆ ಕೊಡುವುದೂ ಉಂಟು. ಏಕೆ? ನಾವು ಹೊಂಬಣ್ಣವನ್ನೇ ಕೇಳುತ್ತೇವಲ್ಲ!

ಆದ್ದರಿಂದ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಕಂದು ಬಣ್ಣದ್ದು ರುಚಿಯಲ್ಲಿ ಕಡಿಮೆಯೆಂದೇನಿಲ್ಲ. ಮುಗ್ಗು ವಾಸನೆ, ಬೂಷ್ಟು ಇದ್ದರೆ ಮಾತ್ರ ಬೇಡ. ಬಳಸುವ ಮುನ್ನ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಿರಿ. ಉಬ್ಬಸದವರಿದ್ದ ಮನೆಯಲ್ಲಿ ಗಂಧಕ ಹಾಕದ್ದನ್ನೇ ಕೇಳಿ ತನ್ನಿ.

ವೈನಿಗೆ ಜೋಡಿ ಹುಡುಕುವವರು ಹುಡುಕಲಿ, ನಮ್ಮ ಮಣೂಕಕ್ಕೆ ಸಜ್ಜೆ ರೊಟ್ಟಿಯ ಜೋಡಿ ಮಾಡೋಣ.

ಮಣೂಕದ ಗೊಜ್ಜು

ಒಣದ್ರಾಕ್ಷಿ 1 ಬಟ್ಟಲು, ಹುಣಸೆಹಣ್ಣು ಸಣ್ಣ ನಿಂಬೆ ಗಾತ್ರ, ಬೆಲ್ಲದ ಪುಡಿ 2 ಚಮಚ, ಖಾರದ ಪುಡಿ 1 ಚಮಚ, ಹುರಿದ ಎಳ್ಳಿನ ಪುಡಿ 2 ಚಮಚ, ರುಚಿಗೆ ಉಪ್ಪು.

ತೊಳೆದ ದ್ರಾಕ್ಷಿಯನ್ನು ಅರ್ಧ ಗಂಟೆ ನೆನೆಸಿ. ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಮಾಡಿ ದ್ರಾಕ್ಷಿ ಬಾಡಿಸಿ. ಹುಣಸೆ ರಸ, ಬೆಲ್ಲ, ಖಾರ, ಉಪ್ಪು ಹಾಕಿ ಕುದಿಸಿ. ಗಟ್ಟಿಯಾಗುತ್ತ ಬಂದಾಗ ಎಳ್ಳಿನ ಪುಡಿ ಬೆರೆಸಿ ಇಳಿಸಿ. ಮೊಸರನ್ನಕ್ಕೂ ಸೊಗಸು.

ಮುಂದಿನ ಸಲ ಅಂಗಡಿಯಲ್ಲಿ ಒಂದು ಮಾತು ಕೇಳಿ: ‘ಇದು ಎಲ್ಲೀ ಮಣೂಕ ರೀ?’ ಹತ್ತು ಮನೆಯವರು ಕೇಳಿದರೆ ಪೊಟ್ಟಣದ ಮೇಲೂ ಒಂದು ದಿನ ಊರಿನ ಹೆಸರು ಬಂದೀತು.